ಸೂಜಿಗೆ ಹೆದರದವನು

ಲುಸುಂಗುವಿಗೆ ಸೂಜಿ ಕಂಡರೆ ಭಯ ಎಂದೇ ನಾನು ತಿಳಿದಿದ್ದೆ.

ಶನಿವಾರ ಬಂತೆಂದರೆ ನಮ್ಮ ಚರ್ಚಿನ ವೈದ್ಯಕೀಯ ತಂಡ ಝೋಂಬಾ ಪಟ್ಟಣದಿಂದ ಹಳ್ಳಿಗಳಿಗೆ ಹೊರಡುತ್ತಿತ್ತು. ನಾನು ನರ್ಸ್. ಅವನು ಲೆಕ್ಕದ ಮೇಷ್ಟ್ರು. ರಜೆಯ ದಿನ ನಮ್ಮ ಗಾಡಿ ಓಡಿಸಲು, ಔಷಧಿ ಪೆಟ್ಟಿಗೆ ಹೊರಲು ಬಿಟ್ಟಿಯಾಗಿ ಬರುತ್ತಿದ್ದ. ದಾರಿಯಲ್ಲಿ ನನಗೆಂದೇ ಸುಟ್ಟ ಮರಗೆಣಸು ಕೊಂಡು, ನಾನು ತಿನ್ನುವುದನ್ನು ಕನ್ನಡಿಯಲ್ಲಿ ನೋಡುತ್ತಿದ್ದ.

"ರಸ್ತೆ ನೋಡಪ್ಪ," ಎಂದರೆ, "ರಸ್ತೇಲಿ ಏನಿದೆ, ಬರೀ ಗುಂಡಿ," ಎನ್ನುತ್ತಿದ್ದ.

ಎಚ್‌ಐವಿ ಪರೀಕ್ಷೆಗೆ ಜನ ಹಿಂಜರಿಯುತ್ತಾರೆಂದು, ತಂಡದವರೇ ಮೊದಲು ಎಲ್ಲರೆದುರು ಬೆರಳು ಚುಚ್ಚಿಸಿಕೊಳ್ಳುವುದು ನಮ್ಮ ರೂಢಿ. ಅವನು ಮಾತ್ರ ಪ್ರತಿ ಸಲ ಟೈರು ನೋಡಬೇಕೆಂದು ಜಾರಿಕೊಳ್ಳುತ್ತಿದ್ದ.

ಆ ಶನಿವಾರ ಚಿಸೋಂಬೆ ಹಳ್ಳಿಯ ಚರ್ಚಿನ ಅಂಗಳದಲ್ಲಿ ಸಾಲು ನಿಂತಿತ್ತು. ನನಗೆ ಚೇಷ್ಟೆ ಮಾಡುವ ಮನಸ್ಸಾಯಿತು. "ಇಷ್ಟು ದೊಡ್ಡ ಮೇಷ್ಟ್ರು ಇಷ್ಟು ಸಣ್ಣ ಸೂಜಿಗೆ ಹೆದರ್ತಾರೆ ನೋಡ್ರಮ್ಮ," ಎಂದು ಕೂಗಿ ಹೇಳಿದೆ. ಹೆಂಗಸರು ನಕ್ಕರು. ಅವನು ನಗಲಿಲ್ಲ. ನನ್ನನ್ನೇ ಒಂದು ಗಳಿಗೆ ನೋಡಿ, ಬಂದು ಕೂತು ಬೆರಳು ಚಾಚಿದ. ಆ ಬೆರಳು ಹಿಡಿದ ಖುಷಿಯಲ್ಲಿ ನಾನು ಅವನ ಕಣ್ಣು ಓದಲಿಲ್ಲ.

ಕಾಲು ಗಂಟೆಗೆ ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು. ಸೋಂಕಿದೆ ಎಂದರ್ಥ.

ಫಲಿತಾಂಶವನ್ನು ಮುಖದಲ್ಲೂ ತೋರಬಾರದೆಂದು ಹೊಸಬರಿಗೆ ಪಾಠ ಹೇಳುವವಳು ನಾನು. ಮುಟ್ಟಿದರೆ ಏನೂ ಆಗದು ಎಂದು ಸಾವಿರ ಜನರಿಗೆ ಹೇಳಿದವಳು. ಆದರೂ ಅವನು ಫಲಿತಾಂಶ ಕೇಳಲು ಬಂದು ಕೂತು ಮೇಜಿನ ಮೇಲೆ ಕೈಯೂರಿದಾಗ, ನನ್ನ ಕೈ ತಾನಾಗಿ ಹಿಂದೆ ಸರಿಯಿತು.

ಸಾಲಿನ ಮುಂದಿದ್ದ ಅಜ್ಜಿಗೆ ಅಷ್ಟು ಸಾಕಾಯಿತು. ಮೊಮ್ಮಗಳ ರಟ್ಟೆ ಹಿಡಿದು ಮನೆ ಕಡೆ ತಿರುಗಿದಳು. ಅವಳ ಹಿಂದೆ ಇನ್ನೂ ನಾಲ್ವರು ಹೊರಟರು.

ಲುಸುಂಗು ಎದ್ದು ನಿಂತ. "ಅಜ್ಜೀ, ನಿಲ್ಲಿ. ನಂಗೆ ಎಚ್‌ಐವಿ ಇದೆ. ಎಂಟು ವರ್ಷದಿಂದ ಮಾತ್ರೆ ತಗೋತಿದೀನಿ. ಬೆಳಿಗ್ಗೆ ಈ ಪೆಟ್ಟಿಗೆಗಳನ್ನೆಲ್ಲ ಹೊತ್ತಿದ್ದು ಯಾರು ಅಂದ್ಕೊಂಡ್ರಿ?"

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ಹೆಂಡತಿ ಇದ್ದಾಳೋ ಎಂದು ಕೇಳಿದಳು.

"ಇಲ್ಲ. ಹುಡುಕ್ತಿದ್ದೆ," ಎಂದ, ನನ್ನ ಕಡೆ ನೋಡದೆ.

ಜನ ನಕ್ಕರು. ಸಾಲು ಮತ್ತೆ ಕೂಡಿಕೊಂಡಿತು. ನಾನು ತಲೆ ತಗ್ಗಿಸಿ ಮೂವತ್ತೆಂಟು ಬೆರಳು ಚುಚ್ಚಿದೆ. ನಾಚಿಕೆಯಿಂದ ಒಬ್ಬರ ಮುಖವನ್ನೂ ನೋಡಲಾಗಲಿಲ್ಲ.

ಮಧ್ಯಾಹ್ನ ಅವನು ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದಾಗ ಹತ್ತಿರ ಹೋದೆ. ಮೊದಲೇ ನನಗೊಬ್ಬಳಿಗಾದರೂ ಹೇಳಬಾರದಿತ್ತೇ ಎಂದು ಕೇಳಿದೆ.

"ಸೂಜಿಗೆ ನಾನ್ಯಾವತ್ತೂ ಹೆದರಿಲ್ಲ ಟಿಯಾ. ಗೊತ್ತಾದಾಗ ನಿನ್ನ ಮುಖ ಹೇಗಾಗುತ್ತೋ ಅಂತ ಹೆದರಿದ್ದೆ." ಗಂಟು ಹಾಕಿ ಮುಗಿಸಿದ. "ಇವತ್ತು ನೋಡ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಾನು ಅತ್ತೆ. ಎಲ್ಲರೆದುರು ಆಡಿಕೊಂಡಿದ್ದಕ್ಕೆ, ಕೈ ಎಳೆದುಕೊಂಡಿದ್ದಕ್ಕೆ ಕ್ಷಮಿಸು ಎಂದೆ. "ಹೆದರಿದ್ದು ನಿಜ, ಸುಳ್ಳು ಹೇಳಲ್ಲ. ಆದ್ರೆ ನಿನ್ನ ಮೇಲೆ ನಂಗೆ..."

"ಇವತ್ತು ಬೇಡ," ಎಂದು ತಡೆದ. "ಇವತ್ತು ಹೇಳಿದ್ರೆ ನಾಚ್ಕೆಗೆ ಹೇಳ್ತಿದೀಯೋ, ಪ್ರೀತಿಗೆ ಹೇಳ್ತಿದೀಯೋ ನಂಗೆ ಗೊತ್ತಾಗಲ್ಲ. ಮುಂದಿನ ಶನಿವಾರ ಹೇಳು. ಹೇಳ್ಬೇಕು ಅನ್ಸಿದ್ರೆ."

ಶನಿವಾರದವರೆಗೆ ಕಾಯಲು ನನ್ನಿಂದಾಗಲಿಲ್ಲ. ಬುಧವಾರವೇ ಅವನ ಶಾಲೆಗೆ ಹೋಗಿ, ತರಗತಿಯ ಬಾಗಿಲಲ್ಲಿ ನಿಂತು, ಐವತ್ತು ಮಕ್ಕಳು ಕೇಳುತ್ತಿದ್ದಂತೆ ಹೇಳಿಬಿಟ್ಟೆ.