ಓಗೊಟ್ಟ ದನಿ

“ಈ ಮರಗಳ ಸಾಲು ಮುಗಿಯೋವರೆಗೂ ಯಾರು ಕರೆದ್ರೂ ಓಗೊಡಬೇಡಿ,” ಎಂದ ಗೈಡ್. “ಹೂಂ ಅನ್ನಬೇಡಿ, ಆಂ ಅನ್ನಬೇಡಿ. ಕೆಮ್ಮು ಬಂದ್ರೂ ಟವೆಲ್ ಕಚ್ಚಿಕೊಂಡು ಕೂತ್ಕೊಳ್ಳಿ.”

ದೋಣಿಯಲ್ಲಿದ್ದವರೆಲ್ಲ ನಕ್ಕರು. ಪ್ರವಾಸ ಶುರುವಾದಾಗಿನಿಂದ ಆ ಮನುಷ್ಯನ ನಾಲಿಗೆಗೆ ಬಿಡುವೇ ಇರಲಿಲ್ಲ. ಚಿಟ್ಟೆ ತೋರಿಸಿದರೂ ಒಂದು ತಮಾಷೆ, ಚಹಾ ಕೊಟ್ಟರೂ ಒಂದು ತಮಾಷೆ. ಇದೂ ಅಂಥದ್ದೇ ಎಂದುಕೊಂಡರು. ಆದರೆ ಈ ಸಲ ಅವನು ನಗಲಿಲ್ಲ. ಹುಟ್ಟು ಹಾಕುತ್ತಿದ್ದ ಅಂಬಿಗನಂತೂ ತಲೆವಸ್ತ್ರ ಬಿಚ್ಚಿ ಕಿವಿ ಮುಚ್ಚುವಂತೆ ಬಿಗಿದು ಕಟ್ಟಿಕೊಂಡ.

“ಯಾರಪ್ಪಾ ಕರೆಯೋರು? ಮೊಸಳೆನಾ?” ಎಂದಳು ಚಿಲಿಪಿಲಿ.

“ಸುಮ್ನಿರೇ ಮಾರಾಯ್ತಿ,” ಎಂದು ಅಕ್ಕ ಅವಳ ಮೊಣಕೈ ತಿವಿದಳು.

ಸುಮ್ಮನಿರುವುದು ಅವಳ ಜಾಯಮಾನವೇ ಅಲ್ಲ. ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳಿಗೆ ಚಿಲಿಪಿಲಿ ಎಂದು ಹೆಸರು ಬಿದ್ದದ್ದೇ ಅದಕ್ಕೆ. ಕಾರ್ಟೂನಿನ ಮೊಲ, ಧಾರಾವಾಹಿಯ ಹಠಮಾರಿ ಹುಡುಗ, ಸೋಪಿನ ಜಾಹೀರಾತಿನ ಬೊಚ್ಚುಬಾಯಿಯ ಮಗು, ಎಲ್ಲವೂ ಅವಳ ಗಂಟಲಲ್ಲೇ ಮನೆಮಾಡಿಕೊಂಡಿದ್ದವು. ಮಗಳು ಗುಬ್ಬಿ ಹುಟ್ಟಿದ ಮೇಲೆ ಇದೇ ಮೊದಲ ಸಲ ಅವಳು ಮನೆ ಬಿಟ್ಟು ಹೊರಟದ್ದು. ಬೆಚ್ಚನೆಯ, ಸದಾ ಹಸಿರಾದ ಈ ನಾಡಿನಲ್ಲಿ ಬೆಳಗ್ಗೆ ಕರಕುಶಲ ಕೆಲಸಗಾರರ ಬೀದಿ ನೋಡುವುದು, ಸಂಜೆ ಕಾಡು ಮತ್ತು ನೀರು ಸುತ್ತುವುದು. ಗುಂಪೂ ಚಿಕ್ಕದು. ಅಕ್ಕ, ಅವಳು, ಹಕ್ಕಿಗಳ ಹಿಂದೆ ಬಿದ್ದ ಒಬ್ಬ ಡಾಕ್ಟರು, ಅಷ್ಟೇ. ಗುಬ್ಬಿಯನ್ನು ಗಂಡನ ಕೈಗೊಪ್ಪಿಸುವಾಗ ಅವಳು ಒಂದು ಮಾತು ಕೊಟ್ಟಿದ್ದಳು: ದಿನಾ ಸಂಜೆ ಫೋನಿನಲ್ಲಿ ಮೊಲದ ದನಿಯಲ್ಲಿ ಕತೆ. ಅದಿಲ್ಲದೆ ಆ ಮಗು ಕಣ್ಣು ಮುಚ್ಚುತ್ತಿರಲಿಲ್ಲ.

ದೋಣಿ ಮರಗಳ ಕೆಳಗೆ ನುಗ್ಗಿತು. ಬೇರುಗಳು ನೀರಿನಿಂದ ಮೇಲೆದ್ದು ಮಡಚಿದ ಮಂಡಿಗಳಂತೆ ಕೂತಿದ್ದವು. ಕೊಳೆತ ಎಲೆಯ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ: ಆಗಷ್ಟೇ ಕಲಸಿದ ಹಸಿ ಜೇಡಿಮಣ್ಣಿನದು. ಬೆಳಗ್ಗೆ ಮಡಕೆ ಮಾಡುವವರ ಬೀದಿಯಲ್ಲಿ ಮೂಗಿಗೆ ಬಡಿದದ್ದೂ ಇದೇ ವಾಸನೆ. ಆ ಬೀದಿಯ ಕೊನೆಯಲ್ಲಿ ಬೀಗ ಹಾಕಿದ ಮನೆಯೊಂದಿತ್ತು. ಜಗಲಿಯ ತುಂಬ ಬಟ್ಟೆಯಿಂದ ಬಾಯಿ ಬಿಗಿದ ಪುಟ್ಟ ಮಡಕೆಗಳು. ಒಂದರ ಬಾಯಿ ಮಾತ್ರ ತೆರೆದಿತ್ತು. ಚಿಲಿಪಿಲಿ ಅದರೊಳಗೆ ಬಗ್ಗಿ “ಕೂ” ಎಂದಾಗ ಗೈಡ್ ಅವಳ ಭುಜ ಹಿಡಿದು ಎಳೆದಿದ್ದ. ಯಾಕೆಂದು ಕೇಳಿದರೆ ಮುಂದಿನ ಅಂಗಡಿಯತ್ತ ಕೈ ತೋರಿಸಿ ನಡೆದಿದ್ದ.

ಬೆಳಕು ಹಳದಿಯಿಂದ ಬೂದಿಗೆ ತಿರುಗಿತು. ಹಕ್ಕಿಗಳ ಗಲಾಟೆ, ಒಲೆಯಿಂದ ಪಾತ್ರೆ ಇಳಿಸಿದಂತೆ, ಒಮ್ಮೆಗೇ ತಣ್ಣಗಾಯಿತು.

ಆಗ ಕೇಳಿಸಿತು.

“ಕಂದಾ... ಎಲ್ಲಿದ್ದೀಯಾ? ಊಟಕ್ಕೆ ಬಾ...”

ಹೆದರುವಂಥದ್ದೇನೂ ಅದರಲ್ಲಿರಲಿಲ್ಲ. ಸಂಜೆಯಾದರೆ ಯಾವ ಬೀದಿಯಲ್ಲಾದರೂ ಕೇಳುವ ದನಿ. ಒಲೆಯ ಮೇಲೆ ಅನ್ನ ಇಟ್ಟು, ಸೆರಗಿಗೆ ಕೈ ಒರೆಸುತ್ತಾ ಬಾಗಿಲಿಗೆ ಬಂದು ಕೂಗುವ ದನಿ. ಸ್ವಲ್ಪ ಸಿಟ್ಟು, ಬಹಳ ಪ್ರೀತಿ. ದಡದಲ್ಲಿ ಮಾತ್ರ ಯಾರೂ ಇರಲಿಲ್ಲ.

ಗೈಡ್ ತುಟಿಯ ಮೇಲೆ ಬೆರಳಿಟ್ಟ. ಅವನ ಪೆಚ್ಚುಮೋರೆ ನೋಡಿ ಚಿಲಿಪಿಲಿಗೆ ನಗು ತಡೆಯಲಾಗಲಿಲ್ಲ. ಯಾರನ್ನೋ ಕಾಸು ಕೊಟ್ಟು ಮರದ ಹಿಂದೆ ನಿಲ್ಲಿಸಿದ್ದಾರೆ, ಪ್ರವಾಸಿಗಳನ್ನು ಬೆಚ್ಚಿಬೀಳಿಸಲು! ಸರಿ, ನಮ್ಮದೂ ಒಂದು ಕೈ ನೋಡಲಿ.

ಗಂಟಲು ಕಿರಿದು ಮಾಡಿ, ತುಟಿ ಸೊಟ್ಟ ಮಾಡಿ, ಪುಟ್ಟ ಹುಡುಗನ ದನಿಯಲ್ಲಿ ಅವಳು ಕೂಗಿದಳು:

“ಇಲ್ಲಿದ್ದೀನಿ ಅಮ್ಮಾ! ಬಂದೇ!”

“ಭಲೇ! ಥೇಟ್ ಮಗುನೇ!” ಎಂದು ಡಾಕ್ಟರು ಚಪ್ಪಾಳೆ ತಟ್ಟಿದರು.

ಚಪ್ಪಾಳೆಯ ಸದ್ದು ಅರ್ಧಕ್ಕೇ ಸತ್ತಿತು. ಅಂಬಿಗ ಹುಟ್ಟು ಕೈಬಿಟ್ಟಿದ್ದ.

“ಅಲ್ಲೇ ಇರು,” ಎಂದಿತು ದನಿ. ದಡದಿಂದಲ್ಲ, ದೋಣಿಯ ಅಡಿಯಿಂದ. “ಬಂದೆ.”

ನೀರು ಉಬ್ಬಿತು. ದೋಣಿ ಒಂದು ಪಕ್ಕಕ್ಕೆ ವಾಲಿತು. ಯಾರೋ ಅಂಚು ಹಿಡಿದು ಹತ್ತುತ್ತಿದ್ದರು. ಕಾಣಲಿಲ್ಲ. ಮಣ್ಣಿನ ವಾಸನೆ ಮಾತ್ರ. ಹತ್ತಿರ. ಇನ್ನೂ ಹತ್ತಿರ. ಚಿಲಿಪಿಲಿಯ ಕತ್ತಿನ ಮೇಲೆ ತಣ್ಣಗೆ ಏನೋ ಕೂತಿತು. ಬೆರಳುಗಳು. ಒದ್ದೆ ಬೆರಳುಗಳು. ಅವು ಹಿಸುಕಲಿಲ್ಲ. ಮಗುವಿನ ಮುಖ ಸವರುವಂತೆ ಗಲ್ಲ ಸವರಿದವು. ಮೂಗು ಸವರಿದವು. ನಿಂತವು. ಇದು ತನ್ನ ಮಗುವಲ್ಲ ಎಂದು ಅವುಗಳಿಗೆ ತಿಳಿಯಿತು. ತುಟಿ ಬಿಡಿಸಿದವು. ಒಳಗೆ ಇಳಿದವು. ಹಲ್ಲು ದಾಟಿ. ನಾಲಿಗೆ ದಾಟಿ. ಬಾಯಿ ತುಂಬ ಜೇಡಿ. ಗಂಟಲ ತುಂಬ ಜೇಡಿ. ಆಳದಲ್ಲಿ ಏನೋ ಸಿಕ್ಕಿತು. ಬೇರು ಕೀಳುವಂತೆ ಅದನ್ನು ಕಿತ್ತವು.

“ಹುಟ್ಟು ಹಾಕೋ! ಹಾಕೋ!” ಅಕ್ಕ ಚೀರುತ್ತಿದ್ದಳು.

ಮರಗಳ ಸಾಲು ಮುಗಿದ ಮೇಲೆ ಚಿಲಿಪಿಲಿ ದೋಣಿಯಾಚೆ ಬಗ್ಗಿ ಬಗ್ಗಿ ಕೆಸರು ಕಾರಿದಳು. ಆಮೇಲೆ ಅಕ್ಕಾ ಎನ್ನಲು ಬಾಯಿ ತೆರೆದಳು. ಬರೀ ಗಾಳಿ ಬಂತು.

ಲಾಡ್ಜಿನ ಕಟ್ಟೆ ಮುಟ್ಟುತ್ತಲೇ ಫೋನು ಹೊಡೆದುಕೊಂಡಿತು.

“ಅಮ್ಮಾ, ಮೊಲದ ದನಿ ಮಾಡು!”

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಉಸಿರನ್ನೆಲ್ಲ ಒಟ್ಟುಮಾಡಿ ತಳ್ಳಿದಳು. ತೂತು ಬಿದ್ದ ಬಲೂನಿನಂಥ ಒಂದು ಸದ್ದು.

“ಅಪ್ಪಾ, ಇದು ಅಮ್ಮ ಅಲ್ಲ,” ಎಂದು ಗುಬ್ಬಿ ಅಳತೊಡಗಿದಳು. “ಯಾರೋ ಬುಸುಬುಸು ಅಂತಿದ್ದಾರೆ.”

ಅಕ್ಕ ಗೈಡಿನ ಅಂಗಿ ಹಿಡಿದಳು. “ಏನಾಯ್ತು ನನ್ನ ತಂಗಿಗೆ? ಬಾಯಿ ಬಿಡ್ತೀಯೋ ಇಲ್ವೋ?”

ಅವನು ನೆಲ ನೋಡುತ್ತಾ ಹೇಳಿದ. ಆ ಬೀಗದ ಮನೆ ಮಡಕೆಯಮ್ಮನದು. ಅವಳ ಮಗ ಮಣ್ಣು ತರಲು ಹೋಗಿ ಕೆಸರಿನಲ್ಲಿ ಸಿಕ್ಕಿಬಿದ್ದ. ಅಮ್ಮಾ ಎಂದು ಕೂಗಿದ. ಆಗ ಅಲ್ಲಿ ಪ್ರವಾಸಿಗಳ ದೋಣಿಯಿತ್ತು. ಹುಡುಗ ಆಟಕ್ಕೆ ಕೂಗುತ್ತಿದ್ದಾನೆಂದು ಅವರೂ ಅಣಕಿಸಿದರು. ಒಬ್ಬರು ಈ ಕಡೆಯಿಂದ ಅಮ್ಮಾ, ಇನ್ನೊಬ್ಬರು ಆ ಕಡೆಯಿಂದ ಅಮ್ಮಾ. ಓಡಿಬಂದ ತಾಯಿಗೆ ಯಾವುದು ತನ್ನ ಮಗನ ದನಿಯೆಂದು ತಿಳಿಯಲಿಲ್ಲ. ನಗು ಕೇಳಿಬಂದ ಕಡೆಗೇ ಓಡಿದಳು. ಮಗ ಇನ್ನೊಂದು ಕಡೆ ಮುಳುಗಿದ.

“ಹೆಣ ಮೇಲೆ ಬಂದಾಗ ಅವನ ಕೂದಲು ಜೇಡಿಗೆ ಕಲಸಿ ಆ ಮಡಕೆಗಳನ್ನ ಮಾಡಿದ್ಲು, ಮೇಡಂ. ಸುಡದೆ ಹಸಿಯಾಗೇ ಮಾಟ ಕಟ್ಟಿದ್ಲು, ಕಿತ್ತ ದನಿ ಅದರೊಳಗೆ ಸೇರೋ ಹಾಗೆ. ‘ನನ್ನ ಕಂದನ ದನಿ ಅಣಕಿಸಿದವರ ದನೀಲೇ ಅವರ ಕಂದನ್ನ ಕರೀತೀನಿ’ ಅಂದು ಅದೇ ನೀರಿಗಿಳಿದ್ಲು. ಪ್ರವಾಸಿಗಳಿಗೆ ಇದನ್ನೆಲ್ಲ ಹೇಳಿದ್ರೆ ಯಾರು ಬರ್ತಾರೆ?”

ಚಿಲಿಪಿಲಿಯ ಕಿವಿಗೆ ಕೊನೆಯ ಮಾತುಗಳು ಬಿದ್ದವೋ ಇಲ್ಲವೋ. ಅವಳ ತಲೆಯಲ್ಲಿ ಒಂದೇ ಇತ್ತು: ತೆರೆದ ಬಾಯಿಯ ಆ ಮಡಕೆ.

ಬೆಳಕು ಹರಿಯುತ್ತಲೇ ಅವಳು ಆ ಜಗಲಿಯ ಮುಂದಿದ್ದಳು. ಈಗ ಎಲ್ಲ ಮಡಕೆಗಳ ಬಾಯಿಯೂ ಬಿಗಿದಿತ್ತು. ಒಂದರ ಬಟ್ಟೆ ಮಾತ್ರ ಇನ್ನೂ ಒದ್ದೆ. ಕಿವಿ ಹಚ್ಚಿದಳು. ಒಳಗಿನಿಂದ, ಹೊದಿಕೆಯೊಳಗೆ ಪಿಸುಗುಟ್ಟುವಂತೆ, ಮೊಲದ ದನಿ: “ಆಮೇಲೆ ಏನಾಯ್ತು ಗೊತ್ತಾ, ಗುಬ್ಬಿ?”

“ಬೇಡ ಮೇಡಂ!” ಗೈಡ್ ಬೀದಿಯಿಂದಲೇ ಕೂಗಿದ. ಜಗಲಿ ಹತ್ತುವ ಧೈರ್ಯ ಅವನಿಗಿರಲಿಲ್ಲ. “ಕಟ್ಟಿದ್ರೆ ಅಲ್ಲೇ ಇರುತ್ತೆ! ಒಡೆದ್ರೆ ಗಂಟಲಿಗೆ ವಾಪಸ್ ಬರಲ್ಲ, ಹೊರಗೆ ಹೋಗುತ್ತೆ ಅಷ್ಟೇ! ಮೂಕಿಯಾಗಿ ಬದುಕಿಕೊಳ್ಳಿ!”

ದಿನಾ ಸಂಜೆ ಅಳುವ ಮಗುವಿದ್ದವಳಿಗೆ ಅಂಥ ಬದುಕು ಹೇಗೆ ಒಪ್ಪಿಗೆಯಾದೀತು? ಅವನ ಎಚ್ಚರಿಕೆಯನ್ನು ಎರಡನೆಯ ಸಲವೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಡಕೆಯನ್ನು ಎತ್ತಿ ಮೆಟ್ಟಿಲಿಗೆ ಕುಕ್ಕಿದಳು.

ಒಂದಿಷ್ಟು ನೀರು ಚೆಲ್ಲಿತು. ಕಲ್ಲುಗಳ ಸಂದಿಯಲ್ಲಿ ಹರಿದು, ಚರಂಡಿಗಿಳಿದು, ಯಾರೋ ಅವಸರದಲ್ಲಿ ಹೊರಟಂತೆ ಹೋಯಿತು. ಅವಳ ಗಂಟಲು ಖಾಲಿಯೇ ಉಳಿಯಿತು.

ಊರಿಗೆ ಬಂದ ಮೇಲೆ ಡಾಕ್ಟರುಗಳು ಗಂಟಲಿಗೆ ಬೆಳಕು ಬಿಟ್ಟು ನೋಡಿದರು, ಎಲ್ಲ ಸರಿಯಾಗಿದೆ ಎಂದರು. ಸ್ಟುಡಿಯೋದವರು ಮೊಲಕ್ಕೆ ಬೇರೆ ದನಿ ಹುಡುಕಿಕೊಂಡರು. ಅದೆಲ್ಲವನ್ನೂ ಅವಳು ನುಂಗಿಕೊಂಡಳು. ಆದರೆ ಗುಬ್ಬಿ ಅವಳ ತೊಡೆಯ ಮೇಲೆ ಕೂರುತ್ತಿರಲಿಲ್ಲ. ತಲೆ ಬಾಚಲು ಕರೆದರೆ ಅಪ್ಪನ ಹಿಂದೆ ಅಡಗುತ್ತಿದ್ದಳು. ಅಕ್ಷರ ಇನ್ನೂ ಬಾರದ ಮಗು. ಬರೆದು ತೋರಿಸೋಣವೆಂದರೆ ಅದೂ ಇಲ್ಲ. ಮಲಗಿದ ಮೇಲೆ ಹೋಗಿ ಅವಳ ಅಂಗಾಲು ಸವರಿ ಬರುವುದೊಂದೇ ಆ ತಾಯಿಗೆ ಉಳಿದದ್ದು.

ಒಂದು ಸಂಜೆ ಗಂಡ ಔಷಧಿ ತರಲು ಹೋಗಿದ್ದ. ಅವಳು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಗುಬ್ಬಿಯ ಪುಟ್ಟ ಲಂಗ ಮಡಚುವಾಗ ಮೂಗಿಗೆ ಬಡಿಯಿತು ಆ ವಾಸನೆ. ಹಸಿ ಜೇಡಿ.

“ಗುಬ್ಬೀ... ಎಲ್ಲಿದ್ದೀಯಾ? ಊಟಕ್ಕೆ ಬಾ...”

ಕೆಳಗಿನಿಂದ. ಅವಳದೇ ದನಿ. ಸ್ವಲ್ಪ ಸಿಟ್ಟು, ಬಹಳ ಪ್ರೀತಿ.

ಬಟ್ಟೆ ಚೆಲ್ಲಿದಳು. ಓಡಿದಳು. ಮೆಟ್ಟಿಲು. ಮತ್ತೆ ಮೆಟ್ಟಿಲು. ಅಡುಗೆಮನೆ ಖಾಲಿ. ಹಿತ್ತಿಲ ಬಾಗಿಲು ತೆರೆದಿದೆ. ನೆಲದಡಿಯ ಸಂಪಿನ ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಸರಿದಿದೆ. ಗುಬ್ಬಿಯ ಕೈಲಾಗದಷ್ಟು ಭಾರದ ಮುಚ್ಚಳ. ಕಪ್ಪು ಚೌಕದ ಅಂಚಿನಲ್ಲಿ ಮಗು ಮಂಡಿಯೂರಿ ಬಗ್ಗಿದೆ. ಮುಖದ ತುಂಬ ನಗು. ಎಷ್ಟು ದಿನವಾಗಿತ್ತು ಆ ನಗು ನೋಡಿ!

ಹಿಂದಿನಿಂದ ಬಾಚಿ ತಬ್ಬಿಕೊಂಡಳು. ಮಗು ಒದ್ದಿತು, ಪರಚಿತು.

“ಬಿಡು! ನೀನು ಅಮ್ಮ ಅಲ್ಲ! ಅಮ್ಮ ಒಳಗಿದ್ದಾಳೆ, ಮಾತಾಡ್ತಿದ್ದಾಳೆ!”

ಕೂಗಬೇಡ ಕಂದಾ. ಓಗೊಡಬೇಡ. ಅವಳು ಬಾಯಿ ತೆರೆದಳು. ಗಂಟಲು ಹರಿಯುವಂತೆ ಉಸಿರು ತಳ್ಳಿದಳು. ಗಾಳಿ. ಬರೀ ಗಾಳಿ. ಮಗುವಿನ ಬಾಯಿ ಮುಚ್ಚಲು ಅಂಗೈ ಎತ್ತಿದಳು. ಗುಬ್ಬಿ ಅದನ್ನು ಕಚ್ಚಿ, ಕತ್ತು ಕೊಸರಿ, ಆ ಕತ್ತಲೆಗೆ ಮುಖವಿಟ್ಟು ಸಂತೋಷದಿಂದ ಕೂಗಿದಳು:

“ಇಲ್ಲಿದ್ದೀನಿ ಅಮ್ಮಾ! ಬಂದೇ!”

ಸಂಪಿನ ನೀರು ಮೆಲ್ಲಗೆ ಉಬ್ಬಿತು.

“ಅಲ್ಲೇ ಇರು,” ಎಂದಿತು ಅವಳದೇ ದನಿ, ಬಲು ಅಕ್ಕರೆಯಿಂದ. “ಬಂದೆ.”