ಎರಡನೇ ಗೆಣ್ಣಿನವರೆಗೆ

ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆಲ್ಲ ನಗ್ಮೊ ಕಣಿವೆಯಲ್ಲಿ ಮತ್ತೆ ಹಗಲಾಯಿತು. ಮೊದಲು ಪಡುವಣ ಬಂಡೆಗಳ ನೆತ್ತಿ ಬೆಳಗಿತು. ಆಮೇಲೆ ಬೆಳಕು ಇಳಿಜಾರಿನುದ್ದಕ್ಕೂ ಜಾರಿ ಬಂದು ಕಲ್ಲುಮನೆಗಳನ್ನೂ ಆಡಿನ ದೊಡ್ಡಿಗಳನ್ನೂ ಬೆಟ್ಟದ ಮೈಗೆ ಹೊದಿಸಿದ್ದ ಕಪ್ಪು ಬಿಸಿಲುಹಾಸುಗಳನ್ನೂ ಮುಚ್ಚಿತು. ಗೂಡು ಸೇರಿದ್ದ ಕಾಗೆಗಳು ಗಾಬರಿಯಿಂದ ಹೊರಬಂದು ಕೂಗತೊಡಗಿದವು. ವಿದ್ಯುತ್ ಕೇಂದ್ರದ ಅಂಗಳದಲ್ಲಿ ನಿಂತಿದ್ದ ಡಾಕ್ಟರ್ ವಿಜಯಾ ಹೊಂಬಳ ಕಾಗೆಗಳನ್ನು ನೋಡಿ ನಕ್ಕಳು. ಆಗ ನಗುವುದು ಸುಲಭವಿತ್ತು.

ಖಾರ್ಲುಂಗ್ ಎಂಬುದು ಭೂಪಟದಲ್ಲಿ ತನ್ನ ಹೆಸರು ಬರೆಯಲೂ ಜಾಗ ಸಾಲದಷ್ಟು ಪುಟ್ಟ ಬೆಟ್ಟದ ದೇಶ. ಬೇಸಿಗೆಯಲ್ಲಿ ಅದರ ನದಿಗಳು ಬೇಕಾದಷ್ಟು ವಿದ್ಯುತ್ತು ಕೊಡುತ್ತಿದ್ದವು. ಚಳಿಗಾಲದಲ್ಲಿ ಅವೇ ನದಿಗಳು ಹೆಪ್ಪುಗಟ್ಟಿ ಮಲಗಿದಾಗ ದೇಶ ನೆರೆಯವರ ಮುಂದೆ ಕೈಚಾಚಬೇಕಾಗುತ್ತಿತ್ತು. ಹೀಗಿರುವಾಗ ಯಾರೋ ಒಂದು ಮಠದ ಚಾವಣಿಗೆ ಸೌರಫಲಕ ಹಾಕಿ ನೋಡಿದರು. ಸೌರಫಲಕಕ್ಕೆ ಬಿಸಿಲು ಬೇಕು, ಬಿಸಿ ಬೇಡ. ತಣ್ಣನೆಯ ಗಾಳಿಯಲ್ಲಿ ಅದು ಹೆಚ್ಚು ಚುರುಕಾಗಿ ಕೆಲಸ ಮಾಡುತ್ತದೆ, ಸುತ್ತಲಿನ ಹಿಮವೂ ತನ್ನ ಪಾಲಿನ ಬೆಳಕನ್ನು ಅದರತ್ತ ತಿರುಗಿಸುತ್ತದೆ. ಹತ್ತು ವರ್ಷದೊಳಗೆ ಶಾಲೆ, ಸಂತೆಕಟ್ಟೆ, ಕುರಿಹಟ್ಟಿ, ಕಡೆಗೆ ಬೆಟ್ಟಗಳೇ ಕಪ್ಪು ಹೊದಿಕೆ ಹೊದ್ದವು.

ಉಳಿದದ್ದು ಸಂಜೆಯ ತೊಡಕು. ಜನ ಅಡುಗೆ ಮಾಡುವುದು, ಮನೆ ಬೆಚ್ಚಗೆ ಮಾಡಿಕೊಳ್ಳುವುದು ಕತ್ತಲಾದ ಮೇಲೆ, ವಿದ್ಯುತ್ತು ಹುಟ್ಟುವುದು ಹಗಲಲ್ಲಿ. ಕೂಡಿಡೋಣವೆಂದರೆ ಅಲ್ಲಿಯ ಚಳಿಗೆ ಬ್ಯಾಟರಿಗಳು ಸೋಲುತ್ತಿದ್ದವು. ಇದಕ್ಕೆ ಪರಿಹಾರವಾಗಿ ಬಂದದ್ದೇ ಆಗಸಗನ್ನಡಿ. ಭೂಮಿಯನ್ನು ಸುತ್ತುವ, ಬೆಳ್ಳಿಬಣ್ಣದ ತೆಳುಹಾಳೆಗಳ ಒಂದು ಸಾಲು ಅದು. ಒಂದು ಹಾಳೆ ದಿಗಂತ ದಾಟುವಷ್ಟರಲ್ಲಿ ಇನ್ನೊಂದು ಅದರ ಜಾಗಕ್ಕೆ ಬಂದು, ಮರೆಯಾದ ಸೂರ್ಯನ ಬೆಳಕನ್ನು ಗುರಿಯಿಟ್ಟು ಒಂದೇ ಕಣಿವೆಗೆ ಸುರಿಯುತ್ತದೆ. ಗಾಳಿಯ ಹೊಡೆತವಿಲ್ಲದ ನಗ್ಮೊ ಕಣಿವೆಯನ್ನು ಆರಿಸಿದವಳು, ಅಲ್ಲಿ ಬಟ್ಟೆಯಂತೆ ಬಾಗುವ ಸೌರಫಲಕಗಳಾದ ಬಿಸಿಲುಹಾಸುಗಳನ್ನು ಹಾಸಿಸಿದವಳು ಗದಗಿನ ಕಡೆಯ ವಿಜಯಾ. ಬೇಸಿಗೆಯ ನಟ್ಟನಡುವೆ ಶುರುವಾದ ಆ ಎರಡನೇ ಹಗಲು ಪ್ರತಿದಿನ ಊಟದ ಹೊತ್ತಿನ ತನಕ ಇರುತ್ತಿತ್ತು. ರಾಜಧಾನಿಯ ಒಲೆಗಳೆಲ್ಲ ಅದರಿಂದಲೇ ಉರಿಯತೊಡಗಿದವು.

ನಗ್ಮೊದವರ ಭಾಷೆಯನ್ನು ಆಕೆ ಕಷ್ಟಪಟ್ಟು ಕಲಿತಿದ್ದಳು. ಅವರ ಮಾತನ್ನು ನಾನಿಲ್ಲಿ ನಮ್ಮ ಮಾತಿಗೆ ಇಳಿಸಿದ್ದೇನೆ. ಒಂದು ಪದವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ‘ಆಪಾ’. ಅಪ್ಪನಿಗೂ ಊರ ಹಿರಿಯನಿಗೂ ಅವರು ಹಾಗೆನ್ನುತ್ತಾರೆ. ನಗ್ಮೊದ ಆಪಾ ವಾಂಗ್ಡಿ ಎಂಬ ಮುದುಕರು. ಮಗಳು ಚೆಝೊಮ್ ಜೊತೆ ಆಡು ಕಾಯುತ್ತಿದ್ದರು.

ಆ ಊರಿಗೆ ಪಂಚಾಂಗವಿಲ್ಲ. ಚಳಿಗಾಲಕ್ಕೆ ಕಣಿವೆಯಲ್ಲಿ ಮೇವು ಸಾಲದ್ದರಿಂದ ಇಡೀ ಊರು ಆಡುಗಳೊಂದಿಗೆ ಕಣಿವೆಬಾಗಿಲೆಂಬ ಸಂದಿ ದಾಟಿ ಕೆಳಗಿನ ಹುಲ್ಲುಗಾವಲಿಗೆ ಹೋಗುತ್ತದೆ. ಆ ಬೆಟ್ಟದ ಸಂದಿಯಲ್ಲಿ ಮೈ ಕೊರೆಯುವ ಗಾಳಿ. ಬೇಗ ಹೊರಟರೆ ಉಣ್ಣೆ ಬಲಿಯದ ಆಡುಗಳು ಅಲ್ಲೇ ಸಾಯುತ್ತವೆ, ತಡವಾದರೆ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಆದ್ದರಿಂದ ಆಪಾ ಮುಂದಾಳು ಆಡಿನ ಪಕ್ಕೆಯೊಳಗೆ ಬಲಗೈ ಬೆರಳು ತೂರಿಸಿ ನೋಡುತ್ತಾರೆ. ಒರಟು ಕೂದಲಿನ ಅಡಿಯ ಮೆತ್ತನೆಯ ಒಳಉಣ್ಣೆ ಎರಡನೇ ಗೆಣ್ಣಿನವರೆಗೆ ಬೆರಳು ಮುಚ್ಚಿದ ದಿನ ಊರು ಹೊರಡುತ್ತದೆ. ಹಿಂದೊಮ್ಮೆ ಒಬ್ಬ ಅಧಿಕಾರಿ ತಾರೀಖು ನೋಡಿ ಹೊರಡಿಸಿದ್ದನಂತೆ. ಆ ವರ್ಷ ಅರ್ಧ ಹಿಂಡು ಬೆಟ್ಟದ ಮೇಲೇ ಉಳಿಯಿತು. ಅಂದಿನಿಂದ ತಾರೀಖಿನ ಮಾತೆತ್ತಿದರೆ ನಗ್ಮೊದವರು ಮುಖ ತಿರುಗಿಸುತ್ತಾರೆ.

ಆ ಶರತ್ಕಾಲದಲ್ಲಿ ಊರಿಗೆಲ್ಲ ಹಬ್ಬವೋ ಹಬ್ಬ. ಸಂಜೆ ಮಕ್ಕಳು ಆಡಿದ್ದೇ ಆಡಿದ್ದು, ಹೆಂಗಸರು ಅಂಗಳದಲ್ಲೇ ಮಗ್ಗ ಹಾಕಿ ಕೂತರು. ಆಡುಗಳು ಮಾತ್ರ ಬಿಸಿಲುಹಾಸಿನ ಅಂಚಿನಡಿ ತೂರಿ ಮಲಗುವುದನ್ನು ಕಲಿತು ವಿಜಯಾಳ ತಲೆ ತಿನ್ನುತ್ತಿದ್ದವು. ಹಾಸಿನ ಹಿಂಬದಿಗೆ ಹಗುರವಾದ ದಪ್ಪ ಪದರವಿತ್ತು, ಒಳಗೆ ಕಾವುದಾರಗಳಿದ್ದವು. ಹಿಮ ಕೂತರೆ ಹಾಸು ತನ್ನದೇ ವಿದ್ಯುತ್ತಿನಿಂದ ಬೆಚ್ಚಗಾಗಿ ಅದನ್ನು ಜಾರಿಸಿಬಿಡಲಿ ಎಂದು ಮಾಡಿದ ಏರ್ಪಾಡು ಅದು.

“ಈ ವರ್ಷ ಉಣ್ಣೆ ಯಾಕೋ ತಡ ಆಯ್ತು ಮೇಡಂ,” ಎಂದರು ಆಪಾ ಒಂದು ದಿನ. “ಮೊದಲನೇ ಗೆಣ್ಣೂ ಮುಚ್ಚಿಲ್ಲ.”

“ಚಳೀನೂ ತಡವಾಗಿ ಬರಬಹುದು ಆಪಾ. ಈಗೀಗ ಹವಾಮಾನ ಎಲ್ಲಾ ಕಡೆ ಹಾಗೇ ಆಗ್ತಿದೆ.”

“ಆಡಿಗೆ ಗೊತ್ತಿರುತ್ತೆ ಬಿಡಿ,” ಎಂದು ಅವರು ಸಮಾಧಾನದಿಂದ ಹೊರಟುಹೋದರು.

ಚಳಿ ತಡವಾಗಿ ಬರಲಿಲ್ಲ. ಒಂದೇ ವಾರದಲ್ಲಿ ಕೆಳಗಿನ ಕಮರಿಯ ರಸ್ತೆ ಹಿಮದಡಿ ಮುಚ್ಚಿಹೋಯಿತು, ಕಣಿವೆಬಾಗಿಲಿನ ಕಾಲುದಾರಿಯೊಂದೇ ಉಳಿಯಿತು. ಆಪಾ ದಿನಕ್ಕೆರಡು ಸಲ ಬೆರಳಿಟ್ಟು ನೋಡುತ್ತಿದ್ದರು. ಉಣ್ಣೆ ಬರಲಿಲ್ಲ. ಹೊರಟರೆ ಆಡುಗಳು ಸಾಯುತ್ತವೆ, ಕೂತರೆ ಹಸಿವಿನಿಂದ ಸಾಯುತ್ತವೆ. ಎಲ್ಲರ ಕಣ್ಣೂ ಹುಲ್ಲಿನ ಬಣವೆಗಳ ಮೇಲಿತ್ತು.

ವಿಜಯಾಳಿಗೆ ಅರ್ಥವಾದದ್ದು ಕಾಗೆಗಳಿಂದ. ಒಂದು ಸಂಜೆ ಆಗಸಗನ್ನಡಿ ಬೆಳಗಿದಾಗ ಅವು ಗೂಡಿನಿಂದ ಹೊರಡಲೇ ಇಲ್ಲ, ಏಕೆಂದರೆ ಗೂಡಿಗೆ ಹೋಗಿರಲೇ ಇಲ್ಲ. ಅವುಗಳ ಪಾಲಿಗೆ ಹಗಲು ಮುಗಿದಿರಲಿಲ್ಲ. ಆಕೆ ನೇರವಾಗಿ ವಾಂಗ್ಡಿಯವರ ದೊಡ್ಡಿಗೆ ಹೋದಳು.

“ಆಪಾ, ಉಣ್ಣೆ ಬರೋದು ಚಳಿಗಲ್ಲ, ಕತ್ತಲೆಗೆ. ಪ್ರಾಣಿಗಳ ಮೆದುಳಿನೊಳಗೆ ಒಂದು ಪುಟ್ಟ ಗ್ರಂಥಿ ಇದೆ. ಕತ್ತಲೆ ಇದ್ದಷ್ಟು ಹೊತ್ತು ಅದರಿಂದ ಒಂದು ರಸ ಒಸರುತ್ತೆ. ಬೇಸಿಗೆ ಕಳೆದು ರಾತ್ರಿ ಉದ್ದ ಆದ ಹಾಗೆ ಆ ರಸ ಹೆಚ್ಚಾಗುತ್ತೆ, ಆಗ ಮೈ ಉಣ್ಣೆ ಹೆಣೆಯೋಕೆ ಶುರುಮಾಡುತ್ತೆ. ನಾನು ರಾತ್ರೀನ ಉದ್ದ ಆಗೋಕೆ ಬಿಡಲಿಲ್ಲ. ನಿಮ್ಮ ಆಡುಗಳಿಗೆ ಇನ್ನೂ ಬೇಸಿಗೆ.”

ವಾಂಗ್ಡಿ ಆಡಿನ ಪಕ್ಕೆಯಿಂದ ಬೆರಳು ಹಿಂತೆಗೆದರು. “ಆಡು ಸುಳ್ಳು ಹೇಳಲ್ಲ ಅಂದ್ಕೊಂಡಿದ್ದೆ.”

“ಅದು ಸುಳ್ಳು ಹೇಳಲಿಲ್ಲ ಆಪಾ. ನಾನೇ ಅದಕ್ಕೆ ಸುಳ್ಳು ಹೇಳಿದೆ.”

“ಈಗ ಕನ್ನಡಿ ತಿರುಗಿಸಿದ್ರೆ?” ಎಂದು ಕೇಳಿದಳು ಚೆಝೊಮ್.

“ಉಣ್ಣೆ ಬರುತ್ತೆ. ಆದರೆ ಎರಡು ತಿಂಗಳು ಬೇಕು.”

ಮೇವು ಎರಡು ವಾರಕ್ಕೆ ಬರುವಂತಿರಲಿಲ್ಲ. ವಿಜಯಾ ರಾಜಧಾನಿಗೆ ಫೋನು ಮಾಡಿದಳು. ವಿದ್ಯುತ್ ಇಲಾಖೆಯ ಸಾಂಗ್ಪೋ ಒಳ್ಳೆಯ ಮನುಷ್ಯ, ಎಲ್ಲವನ್ನೂ ಕೇಳಿಸಿಕೊಂಡ. “ಗಾಳಿ ನಿಂತ ಕೂಡಲೇ ಹೆಲಿಕಾಪ್ಟರ್ ಕಳಿಸ್ತೀನಿ. ನಿಮ್ಮನ್ನೂ ಊರಿನವರನ್ನೂ ಕರಕೊಂಡು ಬರ್ತೀವಿ. ಆಡುಗಳನ್ನ ಮಾತ್ರ ಆಗಲ್ಲ. ಕನ್ನಡಿ ತಿರುಗಿಸೋ ಮಾತು ಆಡಬೇಡಿ ಮೇಡಂ, ಇಲ್ಲಿ ಆಸ್ಪತ್ರೆ ಒಂದು ಬಿಟ್ಟು ಎಲ್ಲಾ ಅದರ ಮೇಲೇ ನಡೀತಿದೆ.”

ಹೆಲಿಕಾಪ್ಟರ್ ಬಂತು. ಎಳೆಮಕ್ಕಳನ್ನೂ ಅವರ ತಾಯಂದಿರನ್ನೂ ಹತ್ತಿಸಿ ಕಳಿಸಿದರು. ಉಳಿದವರು ಹತ್ತಲಿಲ್ಲ. ಆಡಿಲ್ಲದೆ ಕೆಳಗೆ ಹೋಗಿ ತಾವು ಯಾರೆಂದು ಹೇಳಿಕೊಳ್ಳುವುದು ಎಂಬುದು ಅವರ ಪ್ರಶ್ನೆ. ಪೈಲಟ್ ವಿಜಯಾಳತ್ತ ನೋಡಿದ. ಹತ್ತಬೇಕೆಂದು ಆಕೆಗೆ ತುಂಬ ಆಸೆಯಾಯಿತು. ಅಮ್ಮ ಮಾಡುವ ಬಿಸಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಬೆವರು ಹರಿಸುವ ಗದಗಿನ ಬಿಸಿಲು, ಎಲ್ಲವೂ ಒಟ್ಟಿಗೇ ನೆನಪಾದವು. ಆದರೆ ದೊಡ್ಡಿಯ ಗೋಡೆಯ ಹಿಂದೆ ಆಡುಗಳು ಹಸಿವಿನಿಂದ ಅರಚುತ್ತಿದ್ದವು. ಆಕೆ ಕೈ ಬೀಸಿ ಹಿಂದೆ ಸರಿದಳು.

ಮರುದಿನ ಬೆಳಿಗ್ಗೆ ಬಿಸಿಲುಹಾಸಿನ ಕೆಳಗಿನಿಂದ ಆಡುಗಳನ್ನು ಎಬ್ಬಿಸಲು ಹೋದ ಚೆಝೊಮ್ ಅಲ್ಲೇ ನಿಂತುಬಿಟ್ಟಳು. ಬಯಲಲ್ಲಿ ಮಲಗಿದವು ಗಡಗಡ ನಡುಗುತ್ತಿದ್ದವು. ಹಾಸಿನಡಿ ಮಲಗಿದವು ಹಾಯಾಗಿ ಮೆಲುಕು ಹಾಕುತ್ತಿದ್ದವು.

“ಅಕ್ಕಾ,” ಎಂದು ವಿಜಯಾಳನ್ನು ಕರೆದು ಕೇಳಿದಳು, “ಇದನ್ನ ಕತ್ತರಿಸಬಹುದಾ?”

ವಿಜಯಾ ಆ ಬೆಟ್ಟವನ್ನು ಒಮ್ಮೆ ನೋಡಿದಳು. ಆಕೆಯ ಬದುಕಿನ ಅತ್ಯುತ್ತಮ ಕೆಲಸ ಅಲ್ಲಿ ಹಾಸಿಕೊಂಡಿತ್ತು. ಆಡುಗಳಿಗೆಲ್ಲ ಸಾಲುವಷ್ಟು ಕತ್ತರಿಸಿದರೆ ಕೇಂದ್ರ ಮತ್ತೆ ನಡೆಯುವುದು ಮುಂದಿನ ಬೇಸಿಗೆಗೇ. ಕತ್ತರಿ ತರಲು ಆಕೆಯೇ ಒಳಗೆ ಹೋದಳು.

ನಾಲ್ಕು ದಿನ ಊರಿನವರೆಲ್ಲ ದರ್ಜಿಗಳಾದರು. ಬೆನ್ನಿನಿಂದ ಹೊಟ್ಟೆಯವರೆಗೆ ಸುತ್ತುವ ಹಾಸಿನ ತುಂಡು, ಅಡಿಯಲ್ಲಿ ಕಟ್ಟಲು ಚರ್ಮದ ದಾರ, ಕಾವುದಾರಕ್ಕೆ ಒಂದು ಗಂಟು. ಬೆಳಕಿದ್ದರೆ ಮಾತ್ರ ಹಾಸು ಬೆಚ್ಚಗಾಗುತ್ತದೆ, ಆದರೆ ಸಂದಿ ತಲುಪುವಷ್ಟರಲ್ಲಿ ಸೂರ್ಯ ಹೋಗಿರುತ್ತಾನೆ. ವಿಜಯಾ ಆಗಸಗನ್ನಡಿಯ ಗುರಿಯನ್ನು ಕಣಿವೆಯಿಂದ ಎತ್ತಿ ಕಣಿವೆಬಾಗಿಲಿನ ಮೇಲಿಟ್ಟಳು. ಇಲಾಖೆಯನ್ನು ಕೇಳಲಿಲ್ಲ.

ಹಿಂಡು ಹೊರಟ ಸಂಜೆ ದೇಶದ ರಾಜಧಾನಿ ಕತ್ತಲಲ್ಲಿ ಮುಳುಗಿತು. ಆಕೆಯ ಫೋನು ಬಡಿದುಕೊಂಡಿತು.

“ಮೇಡಂ, ಇಲ್ಲಿ ಒಂದು ದೀಪ ಇಲ್ಲ. ಏನಾಯ್ತು?”

“ಆಡುಗಳು ದಾಟ್ತಿವೆ ಸಾಂಗ್ಪೋ. ದಾಟಿ ಆಗಲಿ.”

ಸಂದಿಯಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮೇಲಿನಿಂದ ಸುರಿಯುವ ಬೆಳಕಿನಲ್ಲಿ ಕಪ್ಪು ಅಂಗಿ ತೊಟ್ಟ ಆಡುಗಳು ಒಂದರ ಹಿಂದೊಂದು, ಶಾಲೆಗೆ ಹೊರಟ ಮಕ್ಕಳಂತೆ ನಡೆದವು. ಕಣಿವೆಯ ಇಡೀ ವಿದ್ಯುತ್ ಕೇಂದ್ರ ಕಾಲು ಬಂದು ಬೆಟ್ಟ ಹತ್ತುತ್ತಿತ್ತು. ನಡುದಾರಿಯಲ್ಲಿ ದಾರಗಳು ಬಿಚ್ಚತೊಡಗಿದವು, ಗಾಳಿ ಹಾಸುಗಳನ್ನು ಕಿತ್ತೆಸೆಯಿತು. ಕೈಗವಸು ಹಾಕಿಕೊಂಡು ಆ ಗಂಟು ಕಟ್ಟಲಾಗದು. ವಾಂಗ್ಡಿ ಕೈಗವಸು ಬಿಸಾಡಿ ಒಂದೊಂದೇ ಆಡಿನ ಪಕ್ಕ ಮಂಡಿಯೂರಿದರು.

“ಆಪಾ, ಕೈ ಮುಚ್ಚಿಕೊಳ್ಳಿ. ನಾನು ಕಟ್ತೀನಿ.”

“ನಿಮ್ಮ ಗಂಟು ನಿಲ್ಲಲ್ಲ ಮೇಡಂ. ನಡೀರಿ ನೀವು.”

ಬೆಳಗಾಗುವಾಗ ಹಿಂಡು ಕೆಳಗಿನ ಹುಲ್ಲುಗಾವಲಿಗಿಳಿಯಿತು. ಕೆಲವು ಮುದಿ ಆಡುಗಳು ಉಳಿಯಲಿಲ್ಲ, ಮಿಕ್ಕವೆಲ್ಲ ಉಳಿದವು. ವಾಂಗ್ಡಿಯವರ ಬಲಗೈ ಬೆರಳುಗಳು ಮಾತ್ರ ಇದ್ದಿಲಿನಂತಾಗಿದ್ದವು. ಆಸ್ಪತ್ರೆಯಲ್ಲಿ ಅವುಗಳನ್ನು ತೆಗೆದುಹಾಕಿದರು. ವಿಜಯಾ ಹಾಸಿಗೆಯ ಪಕ್ಕ ಕೂತು ಅತ್ತಳು. ಮುದುಕರು ಆಕೆಯನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

ಮುಂದೆ ವಿಚಾರಣೆ ನಡೆಯಿತು. ಒಂದು ಚಳಿಗಾಲವನ್ನು ಕಂಬಳಿಯಡಿ ಕಳೆದ ರಾಜಧಾನಿಯವರು ರೇಗುತ್ತಾರೆಂದುಕೊಂಡರೆ, ಆಡುಗಳು ಅಂಗಿ ತೊಟ್ಟು ದಾಟಿದ ಚಿತ್ರ ನೋಡಿ ಅವರ ಸಿಟ್ಟು ಇಳಿದಿತ್ತು. ಸರ್ಕಾರ ಒಂದು ಹೊಸ ನಿಯಮ ಮಾಡಿತು. ಬೇಸಿಗೆಯ ನಡುವಿನಿಂದ ಊರು ಹೊರಡುವವರೆಗೆ ನಗ್ಮೊದ ಮೇಲೆ ಆಗಸಗನ್ನಡಿ ಬೆಳಗಕೂಡದು. ಊರು ಯಾವಾಗ ಹೊರಡಬೇಕೆಂಬುದನ್ನು ಊರೇ ಹೇಳಬೇಕು. ಹೀಗೆ ಒಂದು ದೇಶದ ಸಂಜೆಯೆಲ್ಲ ಒಂದು ಆಡಿನ ಪಕ್ಕೆಗೆ ಕಾಯುವಂತಾಯಿತು.

ಬೇಸಿಗೆಯಲ್ಲಿ ಊರು ಮರಳಿತು. ವಿಜಯಾಳ ಒಪ್ಪಂದದ ಅವಧಿ ಮುಗಿದಿತ್ತು, ವಿಮಾನದ ಟಿಕೆಟ್ಟೂ ಬಂದಿತ್ತು. ಹೇಳಿಹೋಗಲೆಂದು ದೊಡ್ಡಿಗೆ ಹೋದಳು. ಸಂಜೆ ತನ್ನ ಪಾಡಿಗೆ ತಾನು ಕತ್ತಲಾಗುತ್ತಿತ್ತು. ಕಾಗೆಗಳು ಗೂಡು ಸೇರಿದ್ದವು. ವಾಂಗ್ಡಿ ಮುಂದಾಳು ಆಡಿನ ಪಕ್ಕ ಕೂತಿದ್ದರು, ಬಲಗೈಗೆ ಬಟ್ಟೆ ಸುತ್ತಿತ್ತು.

“ಒಳ್ಳೇದಾಯ್ತು ಬಂದಿದ್ದು. ಈ ಕೈಯಲ್ಲಿ ಇನ್ನು ನೋಡೋಕಾಗಲ್ಲ. ಇನ್ಮೇಲೆ ನೋಡೋರು ಯಾರು ಅಂತ ನಾನೇ ಹೇಳಬೇಕು, ಅದು ನಮ್ಮ ಪದ್ಧತಿ. ನೀವು ನೋಡಬೇಕು.”

“ನಾನಾ? ನನಗೆ ಆಡಿನ ವಿಷಯ ಏನು ಗೊತ್ತು ಆಪಾ? ಚೆಝೊಮ್ ಇದ್ದಾಳಲ್ಲ.”

“ಚೆಝೊಮ್ ನನ್ನ ಹಾಗೇ. ಉಣ್ಣೆ ಬರದೇ ಇದ್ರೆ ನಂಬಿಕೊಂಡು ಕಾಯ್ತಾಳೆ. ನಮ್ಮಲ್ಲಿ ಯಾರಾದ್ರೂ ಹಾಗೇ ಮಾಡ್ತಾರೆ. ಯಾಕೆ ಬಂದಿಲ್ಲ ಅಂತ ಕೇಳೋರು ನೀವೊಬ್ರೇ.”

ವಿಜಯಾ ಬಾಗಿಲಿನತ್ತ ನೋಡಿದಳು. ಹೊರಗೆ ಜೀಪು ನಿಂತಿತ್ತು. ಆಡು ತಾನಾಗಿಯೇ ಬಂದು ಆಕೆಯ ಮೊಣಕಾಲಿಗೆ ಪಕ್ಕೆ ಉಜ್ಜಿತು. ಆಕೆ ಬಗ್ಗಿ, ಒರಟು ಕೂದಲಿನೊಳಗೆ ಬೆರಳು ತೂರಿಸಿದಳು. ಬೆಚ್ಚನೆಯ ಬರಿಮೈ ತಾಗಿತು.

“ಇನ್ನೂ ಬಂದಿಲ್ಲ,” ಎಂದಳು.

“ಹಾಗಾದ್ರೆ ಯಾರೂ ಹೊರಡೋ ಹಾಗಿಲ್ಲ,” ಎಂದರು ಆಪಾ, ಕೂರಲು ಜಾಗ ಬಿಟ್ಟುಕೊಡುತ್ತ.