ತಿಪ್ಪೇರುದ್ರಸ್ವಾಮಿಯವರ ಟಪಾಲು

“ಮೂರು ವಾರ ಆತು ಮೇಡಂ. ಒಂದು ಕಾಗದನೂ ಬಂದಿಲ್ಲ. ನನ್ನ ಮೇಲೆ ನಿಮಗೇನಾದ್ರೂ ಸಿಟ್ಟು ಐತಾ?”

ಟಪಾಲು ಕೌಂಟರಿನ ಜಾಲರಿಯ ಆಚೆ ನಿಂತು ತಿಪ್ಪೇರುದ್ರಸ್ವಾಮಿ ಹೀಗೆ ಕೇಳಿದಾಗ ಶಿವಗಂಗಾಳಿಗೆ ಮೊದಲು ಖುಷಿಯಾಯಿತು, ಆಮೇಲೆ ಕೋಪ ಬಂತು. ಖುಷಿ, ಅವನು ಬಂದನಲ್ಲ ಎಂದು. ಕೋಪ, ಬಂದವನು ಮುಖ ಗಂಟು ಹಾಕಿಕೊಂಡು ಬಂದನಲ್ಲ ಎಂದು.

“ಸಿಟ್ಟು ಮಾಡ್ಕೊಳ್ಳಾಕೆ ನೀವೇನು ನಮ್ಮ ನೆಂಟ್ರಾ?” ಎಂದಳು. “ನಿಮ್ಮ ಹೆಸರಿಂದು ಒಂದೊಂದೂ ಕಳ್ಸಿದೀನಿ. ರಿಜಿಸ್ಟರ್ ತೋರಿಸ್ಲಾ?”

“ತೋರಿಸ್ರಿ.”

ಅವಳು ರಿಜಿಸ್ಟರನ್ನು ಅವನ ಕಡೆ ತಿರುಗಿಸಿ ಬೆರಳಿಟ್ಟಳು. ಹನ್ನೊಂದು ಕವರುಗಳ ಹನ್ನೊಂದು ಸಾಲು, ಮುದ್ದಾದ ಅಕ್ಷರ. ಅವನ ಕಣ್ಣು ಸಾಲಿನಿಂದ ಸಾಲಿಗೆ ಇಳಿದು, ಅವಳ ಬೆರಳಿನ ಹತ್ತಿರ ಬಂದು ನಿಂತು, ಅಲ್ಲಿಂದ ಏಳುವುದನ್ನೇ ಮರೆಯಿತು. ಅವಳು ಬೆರಳನ್ನು ತೆಗೆಯಬೇಕೆಂದುಕೊಂಡಳು. ಸ್ವಲ್ಪ ತಡವಾಗಿ ತೆಗೆದಳು.

ಅದು ಎಂಬತ್ನಾಲ್ಕನೇ ಇಸವಿಯ ಜೂನ್ ತಿಂಗಳು. ಅವಳು ಕೆಲಸ ಮಾಡುವ ಬೀಜ ಬೆಳೆಗಾರರ ಸಂಘಕ್ಕೆ ಚನ್ನಗಿರಿಯಲ್ಲಿ ಹೆಡ್ ಆಫೀಸು. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಶಾಖೆಗಳು. ಬಿತ್ತನೆ ಬೀಜದ ಮೊಳಕೆ ಪರೀಕ್ಷೆ ನಡೆಯುವುದು ಚನ್ನಗಿರಿಯಲ್ಲಿ. ಫಲಿತಾಂಶದ ಕಾಗದ ಬೀಜ ಇನ್‌ಸ್ಪೆಕ್ಟರ ಕೈಗೆ ಬಾರದೆ ಶಾಖೆಯವರು ಒಂದು ಮೂಟೆಯನ್ನೂ ಬಿಚ್ಚುವಂತಿಲ್ಲ. ಅಂಚೆಗೆ ಹಾಕಿ ಕಾಯುವ ತಾಳ್ಮೆ ಮಳೆಗಾಲಕ್ಕೆ ಎಲ್ಲಿದೆ? ಹಾಗಾಗಿ ಸಂಘವೇ ತನ್ನದೊಂದು ಟಪಾಲು ಇಟ್ಟುಕೊಂಡಿತ್ತು. ಕ್ಯಾನ್ವಾಸಿನ ಚೀಲ, ಅದಕ್ಕೊಂದು ಬೀಗ, ಒಪ್ಪಿಕೊಂಡ ಬಸ್ ಕಂಡಕ್ಟರುಗಳು. ಬೆಳಿಗ್ಗೆ ಏಳರ ಬಸ್ಸಿಗೆ ಚೀಲ ಹೋಗುತ್ತದೆ, ಸಂಜೆ ಐದೂವರೆಗೆ ಶಾಖೆಯ ಚೀಲ ಬರುತ್ತದೆ. ಗೋಡೆಗೆ ಆನಿಸಿದ ಮರದ ಖಾನೆಗಳಲ್ಲಿ ಊರೂರಿನ ಕಾಗದ ವಿಂಗಡಿಸಿ ಇಡುವುದು ಅಟೆಂಡರ್ ಬೆನಕಪ್ಪನ ಕೆಲಸ. ಬರೆಯುವುದು, ದಾಖಲಿಸುವುದು ಶಿವಗಂಗಾಳ ಕೆಲಸ. ಹಾಜರಿ ಪುಸ್ತಕದಲ್ಲಿ ಅವಳು ಶಿವಗಂಗಮ್ಮ. ವಯಸ್ಸು ಮಾತ್ರ ಇಪ್ಪತ್ಮೂರು.

ತಿಪ್ಪೇರುದ್ರಸ್ವಾಮಿ ಜಗಳೂರು ಶಾಖೆಯ ಬೀಜ ಇನ್‌ಸ್ಪೆಕ್ಟರು. ಮೊದಲೆಲ್ಲ ಪ್ರತಿ ಶನಿವಾರ ದಾವಣಗೆರೆ ಮೇಲೆ ಎರಡು ಬಸ್ಸು ಬದಲಾಯಿಸಿ ಬಂದು ತನ್ನ ಕಾಗದಗಳನ್ನು ತಾನೇ ಈ ಕೌಂಟರಿನಿಂದ ತೆಗೆದುಕೊಂಡು ಹೋಗುತ್ತಿದ್ದ. ಹದಿನೈದು ದಿನದ ಕೆಳಗೆ ಅವಳು, “ಇಲ್ಲೇನೂ ಇಲ್ಲ, ಎಲ್ಲ ನಿಮ್ಮೂರಿಗೇ ಕಳ್ಸಿದೀನಿ” ಎಂದು ನಗುತ್ತಲೇ ಹೇಳಿದ್ದಳು. ಅವನು ನಗಲಿಲ್ಲ. ಮುಂದಿನ ಎರಡು ಶನಿವಾರ ಬರಲೂ ಇಲ್ಲ.

ಈಗ ಸೋಮವಾರ ಬಂದಿದ್ದಾನೆ, ಮುಖ ಗಂಟು ಹಾಕಿಕೊಂಡು.

ಗದ್ದಲ ಕೇಳಿ ಕಾರ್ಯದರ್ಶಿ ಮರುಳಪ್ಪನವರು ತಮ್ಮ ಕೋಣೆಯಿಂದ ಹೊರಗೆ ಬಂದರು. ಅವರ ಕೈಯಲ್ಲೂ ಒಂದು ದೂರಿನ ಅರ್ಜಿಯಿತ್ತು.

“ಜಗಳೂರು ಕಡೆ ಸೊಕ್ಕೆ ರೈತರು ಬರೆದಾರೆ ನೋಡಮ್ಮ. ಎಂಬತ್ತು ಮೂಟೆ ಶೇಂಗಾ ಬೀಜ ಗೋಡೌನ್‌ನಾಗೆ ಕುಂತೈತೆ. ಮಳೆ ಬಂದು ಹದ ಆರಿ ಹೋಗ್ತೈತೆ ಅಂತ ಬೈದಾರೆ. ಶನಿವಾರ ಕಮಿಟಿ ಐತೆ. ಅಷ್ಟ್ರಾಗೆ ಎಲ್ಲಿ ತಪ್ಪಾಗೈತೆ ಅಂತ ಹೇಳಿದ್ರೆ ಸರಿ. ಇಲ್ಲಾಂದ್ರೆ ಈ ಟಪಾಲು, ಕೌಂಟರು ಎಲ್ಲಾ ನಿಲ್ಸಿ ಅಂಚೆಗೇ ಹಾಕ್ತೀವಿ.”

ಕೌಂಟರು ನಿಂತರೆ ಅವಳ ಕೆಲಸವೂ ನಿಂತಂತೆ. ನಲ್ಲೂರಿನಿಂದ ದಿನಾ ಬಸ್ಸು ಹತ್ತಿ ಬರುವುದು ಮುಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಜಗಳೂರಿನವನೊಬ್ಬನಿಗೆ ಚನ್ನಗಿರಿಗೆ ಬರಲು ಕಾರಣವೇ ಉಳಿಯುವುದಿಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಇವನು ಹೋದರೆ ಎಲ್ಲಿ ಹುಡುಕುವುದು?

ಮರುಳಪ್ಪನವರು ಒಳಗೆ ಹೋದ ಮೇಲೆ ಅವಳು ಮೂರು ಖಾಲಿ ಕವರು ತೆಗೆದಳು.

“ಒಂದು ಜಗಳೂರು ಮ್ಯಾನೇಜರಿಗೆ. ಇನ್ನೊಂದು ಅಲ್ಲಿ ಅಟೆಂಡರು ಓಬಣ್ಣನಿಗೆ. ಮೂರನೇದು ನಿಮಗೆ. ನಾಳೆ ಮೂರೂ ಒಂದೇ ಚೀಲ, ಒಂದೇ ಬಸ್ಸು. ಯಾವುದು ಸೇರಾಕಿಲ್ವೋ ನೋಡಾನ.”

“ನನಗೆ ಬರೆದಿದ್ದರಾಗೆ ಏನಿರ್ತೈತೆ?”

“ಖಾಲಿ ಹಾಳೆ.”

“ಏನಾದ್ರೂ ಬರೀಬಾರ್ದಾ?”

“ಸೇರ್ತೈತೋ ಇಲ್ವೋ ಗೊತ್ತಿಲ್ಲ. ಬರೆದು ಯಾಕೆ ವೇಸ್ಟ್ ಮಾಡ್ಲಿ?” ಎಂದಳು. ಹೇಳುವಾಗ ಅವಳು ಅವನನ್ನು ನೋಡಲಿಲ್ಲ, ಅಂಟಿನ ಬಾಟಲಿಯನ್ನು ನೋಡಿದಳು. ಅವನು ಮಾತ್ರ ಅವಳ ಕಿವಿಯ ತುದಿ ಕೆಂಪಾದದ್ದನ್ನು ಸರಿಯಾಗಿಯೇ ನೋಡಿದ. ಬಂದಾಗಿನ ಸಿಟ್ಟು ಹೋಗುವಾಗ ಅವನ ಮುಖದಲ್ಲಿ ಇರಲಿಲ್ಲ.

ಮಂಗಳವಾರ ಸಂಜೆ ಐದು ಗಂಟೆಯ ನಲ್ಲೂರು ಬಸ್ಸನ್ನು ಶಿವಗಂಗಾ ಬೇಕೆಂದೇ ಬಿಟ್ಟಳು. ಅವಳು ಮನೆಗೆ ಹೊರಟ ಮೇಲೆ ಚೀಲ ಬರುತ್ತಿತ್ತು. ಅವಳು ಬರುವುದಕ್ಕೆ ಮುಂಚೆ ಚೀಲ ಹೋಗುತ್ತಿತ್ತು. ಎರಡು ವರ್ಷದಿಂದ ಟಪಾಲಿನ ಕೆಲಸ ಮಾಡುತ್ತಿದ್ದರೂ ಚೀಲ ಬಿಚ್ಚುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಬೆನಕಪ್ಪ ಜಗಳೂರಿನ ಚೀಲವನ್ನು ಮೇಜಿನ ಮೇಲೆ ಸುರಿದ. ಮ್ಯಾನೇಜರ ಕವರು ಇಲ್ಲ, ಓಬಣ್ಣನದೂ ಇಲ್ಲ. ಅವೆರಡೂ ಸೇರಿದ್ದವು. ಮೂರನೆಯದು, ಬೆಳಿಗ್ಗೆ ಹೋಗಿದ್ದು, ಬೆನ್ನಿಗೆ ಜಗಳೂರಿನ ಮೊಹರು ಹೊತ್ತುಕೊಂಡು ವಾಪಸು ಬಂದಿತ್ತು. ಅದರ ಜೊತೆಗೆ ಇನ್ನೂ ಹನ್ನೊಂದು ಕವರು. ಒಂದೊಂದರ ಬೆನ್ನ ಮೇಲೂ ನೇರಳೆ ಮೊಹರುಗಳು, ಚನ್ನಗಿರಿ, ಜಗಳೂರು, ಚನ್ನಗಿರಿ, ಜಗಳೂರು ಎಂದು ಕಾಲಿಡಲು ಜಾಗವಿಲ್ಲದ ಹಾಗೆ.

“ಬೆನಕಪ್ಪ, ಏನಿದು?”

“ಇವಾ? ದಿನಾ ಬರ್ತಾವಲ್ಲ, ಅವೇ.”

“ದಿನಾ ಬರ್ತಾವಾ?”

“ಬೆಳಿಗ್ಗೆ ಹೋಗ್ತಾವೆ, ಸಂಜೆ ಬರ್ತಾವೆ. ಮೊದ್ಲು ಇಲ್ಲಿ ಖುದ್ದು ಖಾನೆಯಾಗೆ ಇಡ್ತಿದ್ದೆ. ನೀವು ಚೀಟಿ ಅಂಟಿಸಿದ ಮೇಲೆ ತಿರುಗಿ ಕಳಿಸ್ತೀನಿ. ಮೊಹರು ಒತ್ತಿ ಒತ್ತಿ ಕೈ ನೋಯ್ತೈತೆ.”

“ಒಂದು ಸಲನಾದ್ರೂ ನನಗೆ ಹೇಳ್ಬಾರ್ದಾ?”

ಬೆನಕಪ್ಪ ಅವಳನ್ನು ಮೃದುವಾಗಿ ನೋಡಿದ. “ಅವ್ರು ಕಳಿಸ್ತಾರೆ, ನೀವು ಕಳಿಸ್ತೀರಿ. ನಿಮ್ಮಿಬ್ಬರ ಮಧ್ಯೆ ಬಾಯಿ ಹಾಕಾಕೆ ನಾನ್ಯಾರು ತಾಯಿ?”

ಶಿವಗಂಗಾ ಸ್ಟೂಲಿನ ಮೇಲೆ ಕುಳಿತಳು. ಖುದ್ದು ಖಾನೆ ಎಂದರೆ ಜನ ತಾವೇ ಬಂದು ತೆಗೆದುಕೊಂಡು ಹೋಗುವ ಕಾಗದಗಳ ಜಾಗ. ಅದರ ನೆತ್ತಿಯ ಮೇಲೆ ಅವಳದೇ ಕೈಬರಹದ ಚೀಟಿ: ತಿಪ್ಪೇರುದ್ರಸ್ವಾಮಿಯವರ ಕಾಗದ ಇಲ್ಲಿ ಇಟ್ಟುಕೊಳ್ಳಬಾರದು. ಮಾರನೆಯ ಬೆಳಿಗ್ಗೆಯೇ ಜಗಳೂರಿಗೆ ಕಳಿಸತಕ್ಕದ್ದು. ಮೂರು ವಾರದ ಹಿಂದೆ ಒಂದು ಶನಿವಾರ ಅವನು ಧೂಳು ಮೆತ್ತಿದ ಮುಖದಲ್ಲೇ ಈ ಬೆಂಚಿನ ಮೇಲೆ ನಿದ್ದೆ ಹೋಗಿದ್ದ. ಅಂಗಿಯ ಕಾಲರು ಬೆವರಿಗೆ ಬೆಳ್ಳಗಾಗಿತ್ತು. ಜಗಳೂರಿನ ಮ್ಯಾನೇಜರು ಕಾಗದ ಇಟ್ಟುಕೊಳ್ಳದೆ ಇವನನ್ನು ಹೀಗೆ ಅಲೆಸುತ್ತಿದ್ದಾರೆ ಎಂದು ಅವಳಿಗೆ ಸಂಕಟವಾಗಿತ್ತು. ಎರಡನೇ ಸಲ ಹೋದರೆ ನಾಚಿಕೆಗಾದರೂ ಇಟ್ಟುಕೊಳ್ಳುತ್ತಾರೆ ಎಂದು ಚೀಟಿ ಅಂಟಿಸಿದ್ದಳು. ಯಾರನ್ನೂ ಕೇಳಿರಲಿಲ್ಲ.

ಸೊಕ್ಕೆಯ ಎಂಬತ್ತು ಮೂಟೆ ಕೂತದ್ದು ಅವಳ ಸಂಕಟದಿಂದ. ಅಳು ಬಂತು. ಅತ್ತು ಮುಗಿಸಿ ಕೆಲಸಕ್ಕೆ ಕೂತಳು. ಹನ್ನೊಂದು ಕವರನ್ನೂ ಒಂದು ದೊಡ್ಡ ಲಕೋಟೆಗೆ ತುಂಬಿ ಮ್ಯಾನೇಜರ ಹೆಸರು ಬರೆದಳು. ಅಲ್ಲೂ ಹೀಗೇ ಒಂದು ಚೀಟಿ ಇರಬಹುದೆಂದು ಜೊತೆಗೊಂದು ಸಾಲು: ಇನ್‌ಸ್ಪೆಕ್ಟರ ಖಾನೆಯ ಮೇಲೆ ಯಾವುದಾದರೂ ಚೀಟಿ ಇದ್ದರೆ, ಬರೆದವರು ಅದನ್ನು ತೆಗೆದುಕೊಂಡು ಶನಿವಾರ ಚನ್ನಗಿರಿಗೆ ಬರಬೇಕು.

ಗುರುವಾರ ಜಗಳೂರಿನಿಂದ ಉತ್ತರ ಬಂತು. ಕಾಗದ ಕೈಸೇರಿವೆ, ಸೊಕ್ಕೆಯವರು ಗಾಡಿ ಕಟ್ಟಿಕೊಂಡು ಬಂದು ಬೀಜ ಒಯ್ದರು. ಚೀಟಿಯ ವಿಷಯ ಒಂದಕ್ಷರವೂ ಇರಲಿಲ್ಲ. ಶಿವಗಂಗಾ ಮ್ಯಾನೇಜರು ಬರುತ್ತಾರೆಂದೇ ತಿಳಿದು, ಅವರಿಗೆ ಹೇಳಬೇಕಾದ ನಾಲ್ಕು ಖಾರದ ಮಾತನ್ನು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಜೋಡಿಸಿಕೊಂಡಳು.

ಶನಿವಾರ ಹನ್ನೊಂದು ಗಂಟೆಗೆ ಜಾಲರಿಯ ಮುಂದೆ ಬಂದು ನಿಂತವನು ತಿಪ್ಪೇರುದ್ರಸ್ವಾಮಿ. ಅಂಗಿಯ ಜೇಬಿನಿಂದ ಮಡಚಿದ ಚೀಟಿ ತೆಗೆದು ಕಿಂಡಿಯೊಳಗೆ ತಳ್ಳಿದ. ನನ್ನ ಹೆಸರಿನ ಕಾಗದಗಳನ್ನು ಚನ್ನಗಿರಿಗೆ ವಾಪಸು ಕಳಿಸುವುದು, ಅಲ್ಲಿಯೇ ಖುದ್ದು ತೆಗೆದುಕೊಳ್ಳುತ್ತೇನೆ. ಕೆಳಗೆ ಅವನದೇ ಸಹಿ.

“ಇದು ನೀವು ಬರೆದಿದ್ದಾ?”

“ಹೂಂ.”

“ಮ್ಯಾನೇಜರು ಹೇಳಿ ಬರೆಸಿದ್ದಾ?”

“ಅವ್ರಿಗೆ ಗೊತ್ತೇ ಇರಲಿಲ್ಲ.”

“ಮತ್ತೆ ಕೈಗೆ ಬಂದ ಕಾಗದನ ವಾಪಸ್ ಕಳ್ಸಿ, ಅದನ್ನ ತಗೊಳ್ಳಾಕೆ ಅಷ್ಟು ದೂರದಿಂದ ಯಾಕ್ರೀ ಬರ್ತಿದ್ರಿ?”

ತಿಪ್ಪೇರುದ್ರಸ್ವಾಮಿ ಕಿಂಡಿಯ ಅಂಚನ್ನು ಉಗುರಿನಿಂದ ಕೆರೆಯತೊಡಗಿದ. “ಸುಮ್ನೆ ಬಂದು ನಿಂತ್ರೆ ಏನು ಕೆಲಸ ಅಂತ ಕೇಳ್ತಿದ್ರಿ. ಕೆಲಸ ಒಂದು ಬೇಕಿತ್ತು. ವಾರಕ್ಕೊಂದು ಸಲ ನಿಮ್ಮನ್ನ ನೋಡಿದ್ರೆ ಉಳಿದ ಆರು ದಿನ ಹೆಂಗೋ ಆಗ್ತಿತ್ತು.” ಆಮೇಲೆ ಹೇಳಿದ, “ಅದು ಗೊತ್ತಾಗೇ ನನ್ನ ಬರಬ್ಯಾಡ ಅಂತ ಕಾಗದ ಎಲ್ಲಾ ಜಗಳೂರಿಗೆ ಕಳಿಸಾಕೆ ಶುರು ಮಾಡಿದ್ರೇನೋ ಅಂದ್ಕಂಡೆ. ಆ ಬೇಜಾರಿನಾಗೆ ನನ್ನ ಚೀಟಿ ತೆಗೆಯೋದೇ ಮರೆತೆ.”

ಅವಳು ಎದ್ದುಹೋಗಿ ಖುದ್ದು ಖಾನೆಯ ಚೀಟಿಯನ್ನು ಕಿತ್ತು ತಂದು ಅವನ ಚೀಟಿಯ ಪಕ್ಕ ಇಟ್ಟಳು.

“ಬೆಂಚಿನ ಮೇಲೆ ಮಲಗಿದ್ರಲ್ಲ, ಆವತ್ತು ಅಂಟಿಸಿದ್ದು. ನನಗೆ ನೋಡಾಕೆ ಆಗ್ಲಿಲ್ಲ.”

ಅವನು ಎರಡನ್ನೂ ಓದಿದ. ಮತ್ತೆ ಓದಿದ. ಅವನ ಮುಖದ ಮೇಲೆ ನಗು ನಿಧಾನವಾಗಿ, ಒಪ್ಪಿಗೆ ಕೇಳಿ ಕೇಳಿ ಬಂದಿತು. ಅವಳಿಗೂ ನಗು ಬಂತು. ನಗುತ್ತಲೇ ಇರುವಾಗ ಮರುಳಪ್ಪನವರ ಕೋಣೆಯಿಂದ ಕರೆ ಬಂತು.

“ನನ್ನ ಚೀಟಿ ಒಂದೇ ತೋರಿಸ್ರಿ,” ಎಂದ ಅವನು ಮೆಲ್ಲಗೆ. “ನಿಮ್ಮದು ಹರಿದು ಹಾಕ್ರಿ. ನಿಮ್ಮ ಕೆಲಸ ಉಳೀತೈತೆ.”

ಅವಳು ಎರಡನ್ನೂ ಹಿಡಿದುಕೊಂಡು ಒಳಗೆ ನಡೆದಳು, ಅವನೂ ಹಿಂದೆಯೇ ಹೋದ. ಕಮಿಟಿಯ ಐದು ಜನ ಸುತ್ತ ಕುಳಿತಿದ್ದರು. ಕಾಗದ ಹೇಗೆ ಎರಡು ಊರಿನ ನಡುವೆ ಸುತ್ತುತ್ತಿತ್ತೆಂದು ಅವಳು ಬಿಡಿಸಿ ಹೇಳಿದಳು.

“ಅಲ್ಲಿ ವಾಪಸ್ ಅಂತ ಬರೆದವ್ರು ಯಾರು?” ಎಂದರು ಮರುಳಪ್ಪ.

“ನಾನು ಸರ್,” ಎಂದ ತಿಪ್ಪೇರುದ್ರಸ್ವಾಮಿ.

“ಇಲ್ಲಿ ತಿರುಗಿ ಕಳಿಸ್ರಿ ಅಂತ ಬರೆದವ್ರು?”

“ನಾನು ಸರ್,” ಎಂದಳು ಶಿವಗಂಗಾ. “ಯಾರನ್ನೂ ಕೇಳ್ದೆ ಅಂಟಿಸ್ದೆ. ತಪ್ಪು ಟಪಾಲಿಂದಲ್ಲ, ನಮ್ಮಿಬ್ಬರದು. ಟಪಾಲು ನಾವು ಬರೆದಂಗೆ ನಡ್ಕಂಡೈತೆ.”

ಮರುಳಪ್ಪನವರು ಕನ್ನಡಕ ತೆಗೆದು ಒಮ್ಮೆ ಅವಳನ್ನೂ ಒಮ್ಮೆ ಅವನನ್ನೂ ನೋಡಿದರು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವರು; ಅವರಿಗೆ ಹೆಚ್ಚು ವಿವರ ಬೇಕಾಗಲಿಲ್ಲ.

“ಕೌಂಟರು ಇರ್ಲಿ,” ಎಂದರು. “ತಪ್ಪು ಹುಡುಕಿದೋಳೇ ಇನ್ನು ಮುಂದೆ ಚೀಲ ಬಿಚ್ಚೋದನ್ನೂ ನೋಡ್ಕೊಳ್ಳಲಿ. ಒಬ್ಬರ ಹೆಸರಿಗೆ ಒಂದೇ ಚೀಟಿ, ನನ್ನ ರುಜು ಇಲ್ದೆ ಅದೂ ಇಲ್ಲ. ಈ ಎರಡರಾಗೆ ಯಾವುದು ಇರಬೇಕು, ನೀನೇ ಹೇಳಮ್ಮ.”

ಶಿವಗಂಗಾ ಯೋಚಿಸಲಿಲ್ಲ. ಅವನ ಚೀಟಿಯನ್ನು ಎತ್ತಿ ನಾಲ್ಕು ಚೂರು ಮಾಡಿದಳು. “ಇವ್ರ ಕಾಗದ ಜಗಳೂರಿಗೇ ಹೋಗ್ಬೇಕು ಸರ್. ಅಲ್ಲಿ ಜನ ಕಾಯ್ತಾರೆ.”

ಹೊರಗೆ ಬಂದಾಗ ತಿಪ್ಪೇರುದ್ರಸ್ವಾಮಿಯ ಮುಖ ಬಾಡಿತ್ತು. ಸರಿಯಾದದ್ದನ್ನೇ ಮಾಡಿದಳೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ನೋವಾಗುವುದಕ್ಕೆ ಏನು ಮಾಡುವುದು?

“ಹಂಗಾದ್ರೆ ಇನ್ನು ನಾನು ಬರೋದು ಬ್ಯಾಡ,” ಎಂದ.

“ಕಾಗದಕ್ಕೆ ಬರೋದು ಬ್ಯಾಡ.”

“ಮತ್ತೆ ಯಾತಕ್ಕೆ ಬರ್ಲಿ?”

ಅವಳು ಕೌಂಟರಿನ ಒಳಗೆ ಹೋಗಲಿಲ್ಲ. ಜಾಲರಿಯ ಈಚೆಗೆ, ಅವನ ಪಕ್ಕದಲ್ಲೇ ನಿಂತಳು. ಅಷ್ಟು ಹತ್ತಿರದಿಂದ ಅವರು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಅವನ ಹುಬ್ಬಿನ ಮೇಲೆ ಸಣ್ಣದೊಂದು ಗಾಯದ ಗುರುತಿದೆಯೆಂದು ಅವಳಿಗೆ ಆಗ ಗೊತ್ತಾಯಿತು.

“ನಲ್ಲೂರಿಗೆ ಬರ್ರಿ. ನಿಮ್ಮ ಅವ್ವನ್ನ ಕರ್ಕೊಂಡು ಬರ್ರಿ. ನಮ್ಮಪ್ಪ ಭಾನುವಾರ ಮನೇಲೇ ಇರ್ತಾರೆ. ಏನು ಕೆಲಸ ಅಂತ ಕೇಳಿದ್ರೆ, ಅವ್ರಿಗೆ ನಿಜ ಹೇಳ್ರಿ.”

“ಯಾವ ಭಾನುವಾರ?”

“ನಾಳೆ.”

ತಿಪ್ಪೇರುದ್ರಸ್ವಾಮಿ ಗೋಡೆಯ ಗಡಿಯಾರ ನೋಡಿದ. ದಾವಣಗೆರೆ ಬಸ್ಸಿಗೆ ಆರು ನಿಮಿಷವಿತ್ತು. ಹೋಗಿ ಬರುತ್ತೇನೆಂದು ಹೇಳುವುದನ್ನೂ ಮರೆತು ಅವನು ಬೀದಿಗಿಳಿದು ಓಡಿದ. ಜಗಳೂರು ಸೇರಿ, ಅವ್ವನಿಗೆ ಎಲ್ಲವನ್ನೂ ಹೇಳಿ, ಮೊದಲನೇ ಬಸ್ಸಿಗೆ ಅವಳನ್ನು ಹೊರಡಿಸಬೇಕಿತ್ತು.